ಹೊಲದಲ್ಲಿದ್ದರೆ ಮಣ್ಣು, ಟಿಪ್ಪರ್ ಹತ್ತಿದರೆ ಖನಿಜ

ಹೋದ ತಿಂಗಳು ಮುಳಬಾಗಿಲು ಕಡೆಯ ಒಬ್ಬ ಹುಡುಗ ರಾತ್ರಿ ಒಂಬತ್ತೂವರೆಗೆ ವಾಟ್ಸಾಪಲ್ಲಿ ಒಂದು ಫೋಟೊ ಕಳಿಸಿದ. ನನಗೆ ಬರೋ ಫೋಟೊಗಳು ಸಾಮಾನ್ಯವಾಗಿ ಟೊಮೆಟೊ ಎಲೆ ಮೇಲಿನ ಚುಕ್ಕೆಯದು, ಇಲ್ಲಾ ಕಪ್ಪಾದ ಮಾವಿನ ಹೂವಿನದು. ಇದು ಸ್ಟಾಂಪ್ ಪೇಪರು. ಕೆಳಗೆ ಒಂದು ಸಾಲು: "ಅಕ್ಕಾ, ನಮ್ಮ ದಿಣ್ಣೆ ಹೊಲಾನ ಮಟ್ಟ ಮಾಡಿಕೊಡ್ತಾರಂತೆ, ಲೋಡಿಗೆ ದುಡ್ಡೂ ಕೊಡ್ತಾರಂತೆ. ಸೈನ್ ಹಾಕ್ಬಹುದಾ?"

ಫೋಟೊ ದೊಡ್ಡದು ಮಾಡಿ ಓದ್ತಾ ಹೋದೆ. ಮೂರನೇ ಪ್ಯಾರಾಕ್ಕೆ ಬಂದಾಗ ಹೊಟ್ಟೇಲಿ ಒಂಥರಾ ಆಯ್ತು. "ಸದರಿ ಜಮೀನನ್ನು ಸಮತಟ್ಟು ಮಾಡಿಸಲು ನಾನೇ ಸ್ವಇಚ್ಛೆಯಿಂದ ಕೋರಿರುತ್ತೇನೆ. ಇದರಿಂದ ಉಂಟಾಗುವ ಎಲ್ಲಾ ತೊಂದರೆಗಳಿಗೆ ನಾನೇ ಜವಾಬ್ದಾರನಾಗಿರುತ್ತೇನೆ." 2021ರಲ್ಲಿ ನಮ್ಮ ಚಿಕ್ಕಪ್ಪ ಸಹಿ ಹಾಕಿದ ಕಾಗದದಲ್ಲೂ ಇದೇ ಸಾಲಿತ್ತು. ಊರು ಬೇರೆ, ಗುತ್ತಿಗೆದಾರ ಬೇರೆ, ಸಾಲು ಮಾತ್ರ ಅದೇ.

ಈ ವಾರ ಜೀವಾಮೃತ ಡ್ರಿಪ್ಪಲ್ಲಿ ಕಟ್ಟಿಕೊಳ್ಳದ ಹಾಗೆ ಸೋಸೋದು ಹೇಗೆ ಅಂತ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಬೇಸಿಗೆ ಶುರುವಾದ್ರೆ ನಮ್ಮ ಕಡೆ ಹಿಟಾಚಿಗಳು ಹೊಲಕ್ಕೆ ಇಳಿಯುತ್ತವೆ. ಅದಕ್ಕಿಂತ ಮುಂಚೆ ಇದನ್ನ ಓದಿ.

ಚಿಕ್ಕಪ್ಪನ ಮೂವತ್ತು ಗುಂಟೆ

ನಮ್ಮದು ಕೋಲಾರ ಜಿಲ್ಲೆ. ಚಿಕ್ಕಪ್ಪನದು ಒಟ್ಟು ಎರಡೂಕಾಲು ಎಕರೆ. ಅದರಲ್ಲಿ ಮೂವತ್ತು ಗುಂಟೆ ಸ್ವಲ್ಪ ದಿಣ್ಣೆ. ರಾಗಿ, ಅಕ್ಕಡಿಯಲ್ಲಿ ಅವರೆ, ಮಳೆ ತಡವಾದ್ರೆ ಹುರುಳಿ. ದಿಣ್ಣೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿಗೆ ಬೋರಿನ ನೀರು ಹತ್ತಿಸಿರಲಿಲ್ಲ. ಅದನ್ನ ಮಟ್ಟ ಮಾಡಿಸಿ ಟೊಮೆಟೊ ಹಾಕಬೇಕು ಅನ್ನೋದು ಅವರ ಬಹಳ ದಿನದ ಆಸೆ. ಜೆಸಿಬಿ ಗಂಟೆ ಲೆಕ್ಕ ಕೇಳಿ ಎರಡು ಸಲ ವಾಪಸ್ ಬಂದಿದ್ರು.

ಅಂಥ ಹೊತ್ತಲ್ಲಿ ಒಬ್ಬ ಬಂದು, ಹತ್ತಿರದಲ್ಲೇ ರಸ್ತೆ ಕೆಲಸ ನಡೀತಿದೆ, ಮೂರಡಿ ಮಣ್ಣು ತೆಗೀತೀವಿ, ಹೊಲ ಮಟ್ಟ ಮಾಡಿಕೊಡ್ತೀವಿ, ಮೇಲೆ ಟಿಪ್ಪರಿಗೆ 300 ರೂಪಾಯಿ ಕೊಡ್ತೀವಿ ಅಂದ. ಕೊಡಬೇಕಾದ ಕೆಲಸಕ್ಕೆ ಎದುರಿಂದ ದುಡ್ಡು ಬರುತ್ತೆ ಅಂದ್ರೆ ಯಾರು ಬೇಡ ಅಂತಾರೆ? ನಾನು ಆಗ ಊರಲ್ಲೇ ಇದ್ದೆ, ಅದೇ ನನಗೆ ಇವತ್ತಿಗೂ ಕೊರೆಯೋದು. ತೋಟಗಾರಿಕೆ ಪದವಿ ಓದಿ, ಮಣ್ಣು ವಿಜ್ಞಾನದಲ್ಲಿ ಒಳ್ಳೇ ಅಂಕ ತಗೊಂಡು, ಊರಿಗೆ ಬಂದು ಸಾವಯವ ಅಂತ ಎಲ್ಲರಿಗೂ ಪಾಠ ಹೇಳ್ತಿದ್ದವಳು. ಚಿಕ್ಕಪ್ಪ ಕೇಳಲಿಲ್ಲ, ನಾನೂ ಕಾಗದ ತೋರಿಸಿ ಅನ್ನಲಿಲ್ಲ. "ಪರ್ಮಿಷನ್ ಎಲ್ಲಾ ಇದೆಯಂತಾ?" ಅಂದದ್ದಕ್ಕೆ "ರಸ್ತೆ ಮಣ್ಣಿಗೆ ಪರ್ಮಿಷನ್ನೇ ಬೇಡವಂತಲ್ಲಮ್ಮ, ಸೆಂಟ್ರಲ್ ಗೌರ್ಮೆಂಟೇ ತೆಗೆದುಹಾಕಿದೆಯಂತೆ" ಅಂದ್ರು. ನಾನು ಸುಮ್ಮನಾದೆ.

ಮೂರಡಿ ಅಂದವರು ರಸ್ತೆ ಕಡೆಯ ಮೂಲೆಯಲ್ಲಿ ಎಂಟಡಿ ಇಳಿದ್ರು. ಅಲ್ಲಿ ಒಳ್ಳೇ ಗರಸು ಸಿಕ್ಕಿತ್ತು, ಅದೇ ಅವರಿಗೆ ಬೇಕಾದದ್ದು. ಲೋಡ್ ಲೆಕ್ಕ ಬರೆಯೋ ಪುಸ್ತಕ ಅವರದೇ ಹುಡುಗನ ಕೈಲಿ. ಮೂವತ್ತು ಗುಂಟೆಗೆ ಮೂರಡಿ ಅಂದ್ರೆ 98 ಸಾವಿರ ಘನ ಅಡಿ. ಒಂದು ಟಿಪ್ಪರಿಗೆ 500 ಘನ ಅಡಿ ಅಂತ ಹಿಡಿದರೂ ಸುಮಾರು 195 ಲೋಡು. ಚಿಕ್ಕಪ್ಪನಿಗೆ ಕೊಟ್ಟದ್ದು 110 ಲೋಡಿನ ದುಡ್ಡು, 33 ಸಾವಿರ. ಈ ಲೆಕ್ಕ ನಾನು ಮಾಡಿದ್ದು ಆಮೇಲೆ. ನಿಮ್ಮ ಫೋನಲ್ಲೂ ಕ್ಯಾಲ್ಕುಲೇಟರ್ ಇದೆ: ಒಂದು ಎಕರೆ ಅಂದ್ರೆ 43,560 ಚದರ ಅಡಿ, ಅದನ್ನ ಆಳದಿಂದ ಗುಣಿಸಿದ್ರೆ ಆಯ್ತು. ಅಗೆದ ಮಣ್ಣು ಉಬ್ಬುತ್ತೆ, ಹಾಗಾಗಿ ಲೋಡುಗಳು ಈ ಲೆಕ್ಕಕ್ಕಿಂತ ಜಾಸ್ತಿಯೇ ಬರಬೇಕು, ಕಮ್ಮಿ ಅಲ್ಲ.

ಆ ವರ್ಷದ ನವೆಂಬರ್ ಮಳೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಮೂಲೆ ಗುಂಡಿ ತುಂಬಿ ನಿಂತು, ಪಕ್ಕದವರ ಬದು ಹತ್ತಡಿ ಉದ್ದ ಕುಸಿದು ಒಳಗೆ ಬಿತ್ತು. ಅವರೂ ನಾವೂ ಮೂರು ತಲೆಮಾರಿನಿಂದ ಎತ್ತು ಹಂಚಿಕೊಂಡು ಉತ್ತವರು. ಎರಡು ವರ್ಷ ಮಾತು ಬಿಟ್ಟರು.

ಆಮೇಲೆ ನೋಟಿಸು ಬಂತು. ಅನುಮತಿ ಇಲ್ಲದೆ ಖನಿಜ ತೆಗೆದಿದ್ದಕ್ಕೆ ರಾಜಧನ ಮತ್ತು ದಂಡ ಯಾಕೆ ವಸೂಲಿ ಮಾಡಬಾರದು ಅಂತ. ಹೆಸರು ಚಿಕ್ಕಪ್ಪನದು, ಯಾಕಂದ್ರೆ ಪಹಣಿಯಲ್ಲಿರೋದು ಅವರ ಹೆಸರು, ಸ್ಟಾಂಪ್ ಪೇಪರಲ್ಲಿರೋದೂ ಅವರ ಸಹಿ. ಅವರು ನೋಟಿಸು ಹಿಡ್ಕೊಂಡು ನಮ್ಮ ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ಖನಿಜ ಅಂತ ಬರೆದವ್ರಲ್ಲಮ್ಮ, ನಮ್ಮ ಹೊಲದಲ್ಲಿ ಅದೆಲ್ಲಿತ್ತು?"

ಮಣ್ಣು ಖನಿಜ ಆಗೋದು ಯಾವಾಗ

ಉತ್ತರ ಹುಡುಕೋಕೆ ನನಗೆ ಒಂದು ತಿಂಗಳು ಹಿಡೀತು. ನಾನು ವಕೀಲೆ ಅಲ್ಲ. ಆದ್ರೆ ಇದು ನಮಗೆ ಅರ್ಥ ಆಗದಷ್ಟು ಕಷ್ಟದ್ದೂ ಅಲ್ಲ.

ಗಣಿ ಮತ್ತು ಖನಿಜ ಕಾಯ್ದೆ 1957ರದು. ಅದರಲ್ಲಿ ಮರಳು, ಜಲ್ಲಿ, ಕಟ್ಟಡದ ಕಲ್ಲು ಇವೆಲ್ಲ ಉಪಖನಿಜ. 2000ನೇ ಇಸವಿ ಫೆಬ್ರವರಿ 3ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಸಾಮಾನ್ಯ ಮಣ್ಣನ್ನೂ ಅದಕ್ಕೆ ಸೇರಿಸಿತು. ಆದ್ರೆ ಎಲ್ಲಾ ಮಣ್ಣನ್ನೂ ಅಲ್ಲ. ಒಡ್ಡು, ರಸ್ತೆ, ರೈಲು ಹಳಿ, ಕಟ್ಟಡ ಇವುಗಳ ನಿರ್ಮಾಣದಲ್ಲಿ ತುಂಬೋಕೆ ಅಥವಾ ಮಟ್ಟ ಮಾಡೋಕೆ ಬಳಸೋ ಮಣ್ಣನ್ನ ಮಾತ್ರ. ಅಂದ್ರೆ ಅದೇ ಮಣ್ಣಿನಲ್ಲಿ ನೀವು ರಾಗಿ ಬೆಳೆದರೆ ಅದು ಮಣ್ಣು. ದಿಣ್ಣೆಯಿಂದ ತೆಗೆದು ಅದೇ ಹೊಲದ ತಗ್ಗಿಗೆ ಎಳೆದರೆ ನೀವು ಮಾಡಿದ್ದು ಬೇಸಾಯದ ಕೆಲಸ. ಟಿಪ್ಪರಿಗೆ ತುಂಬಿ ರಸ್ತೆಗೆ ಕಳಿಸಿದ್ರೆ ಅದು ಉಪಖನಿಜ. ಮಣ್ಣು ಬದಲಾಗಿಲ್ಲ, ಅದು ಹೋಗೋ ಜಾಗ ಬದಲಾಗಿದೆ.

ಪುಣೆಯ ಬಿಲ್ಡರುಗಳ ಸಂಘ ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪಾಯ ತೋಡಿದಾಗ ಬಂದ ಮಣ್ಣನ್ನ ಅದೇ ಸೈಟಲ್ಲಿ ತುಂಬಿದ್ರೂ ರಾಜಧನ ಕಟ್ಟಬೇಕಾ ಅನ್ನೋದು ಪ್ರಶ್ನೆ. ಮಣ್ಣು ಅಗೆದ ಮಾತ್ರಕ್ಕೆ ಅಧಿಸೂಚನೆ ಅನ್ವಯ ಆಗಲ್ಲ, ಅದನ್ನ ಯಾತಕ್ಕೆ ಬಳಸಿದ್ರು ಅಂತ ನೋಡಬೇಕು ಅಂತ 2014ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ದೊಡ್ಡ ಬಿಲ್ಡರುಗಳು ವಕೀಲರನ್ನಿಟ್ಟು ಈ ಗೆರೆ ಎಲ್ಲಿದೆ ಅಂತ ಸ್ಪಷ್ಟ ಮಾಡಿಸಿಕೊಂಡರು. ನಾವು ಗೆರೆ ಇದೆ ಅನ್ನೋದನ್ನೇ ತಿಳಿದಿಲ್ಲ.

"ಜಮೀನು ನಂದು, ಒಳಗಿರೋದೂ ನಂದೇ ತಾನೆ?" ಅಂತ ಕೇಳೋರಿಗೆ: 2013ರಲ್ಲಿ ಕೇರಳದ ಮಲಬಾರ್ ಭಾಗದ ಜನ್ಮಂ ಜಮೀನುಗಳ ಕೇಸಲ್ಲಿ, ನೆಲದಡಿಯ ಖನಿಜ ಭೂಮಾಲೀಕರಿಗೇ ಸೇರಿದ್ದು ಅಂತ ಸುಪ್ರೀಂ ಕೋರ್ಟು ಹೇಳಿದ್ದು ನಿಜ. ಹಾಗಂತ ಒಡೆತನ ಇದ್ದವರಿಗೆ ಅನುಮತಿ ಬೇಡ ಅಂತ ಹೇಳಿಲ್ಲ. ಟ್ರ್ಯಾಕ್ಟರ್ ನಿಮ್ಮದೇ ಆದ್ರೂ ಡಿಎಲ್ ಬೇಕಲ್ಲ, ಹಾಗೆ. ಅನುಮತಿ ಇಲ್ಲದೆ ತೆಗೆದ್ರೆ 1957ರ ಕಾಯ್ದೆಯ 21ನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆ, ಹೆಕ್ಟೇರಿಗೆ ಐದು ಲಕ್ಷದವರೆಗೆ ದಂಡ ಅಂತ ಇದೆ. ಗಾಡಿ ಹಿಡೀಬಹುದು. ತೆಗೆದ ಖನಿಜದ ಬೆಲೆಯನ್ನೂ ವಸೂಲಿ ಮಾಡಬಹುದು.

ಹಾಗಾದ್ರೆ "ಸೆಂಟ್ರಲ್ ಗೌರ್ಮೆಂಟೇ ತೆಗೆದುಹಾಕಿದೆ" ಅಂದದ್ದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಪಾಯ.

ಇಲ್ಲಿ ಎರಡು ಬೇರೆ ಬೇರೆ ಅನುಮತಿಗಳಿವೆ. ಒಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ರಾಜಧನ ಕಟ್ಟಿ, ಪ್ರತಿ ಲೋಡಿಗೂ ಸಾಗಣೆ ಪರವಾನಗಿ ತಗೋಬೇಕು. ನಮ್ಮ ರಾಜ್ಯದಲ್ಲಿ ಅದನ್ನ ಎಂಡಿಪಿ ಅಂತಾರೆ, ಟಿಪ್ಪರ್ ಡ್ರೈವರನ್ನ ಕೇಳಿದ್ರೆ ಅವನಿಗೆ ಗೊತ್ತಿರುತ್ತೆ. ಇನ್ನೊಂದು ಪರಿಸರ ಅನುಮತಿ, ಅಂದ್ರೆ ಇಸಿ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕು ಅಂದ ಮೇಲೆ ಸಣ್ಣ ಗಣಿಗಾರಿಕೆಯೂ ಇದರೊಳಗೆ ಬಂತು. 2020ರ ಮಾರ್ಚ್ 28ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ತಿದ್ದುಪಡಿ ತಂದು, ರಸ್ತೆ, ಪೈಪ್‌ಲೈನ್ ಥರದ ಉದ್ದದ ಕಾಮಗಾರಿಗಳಿಗೆ ತೆಗೆಯೋ ಸಾಮಾನ್ಯ ಮಣ್ಣಿಗೆ ಇಸಿ ಬೇಡ ಅಂದಿತು. ದಿನಾಂಕ ನೋಡಿ. ದೇಶವೆಲ್ಲ ಲಾಕ್‌ಡೌನ್ ಆಗಿ ಮೂರು ದಿನ ಆಗಿತ್ತು. ಜನರ ಆಕ್ಷೇಪಣೆ ಕೇಳಲೇ ಇಲ್ಲ.

ಚಿಕ್ಕಪ್ಪನ ಹೊಲ ಅಗೆದಾಗ ಆ ವಿನಾಯಿತಿ ಜಾರಿಯಲ್ಲಿತ್ತು. ಆದ್ರೆ ಅದು ಪರಿಸರ ಅನುಮತಿಯಿಂದ ಮಾತ್ರ. ಗಣಿ ಇಲಾಖೆ ಪರವಾನಗಿ, ರಾಜಧನ ಹಾಗೇ ಇದ್ದವು. ಬಂದವನು ಮೊದಲರ್ಧ ಹೇಳಿ ಎರಡನೇ ಅರ್ಧ ನುಂಗಿಕೊಂಡ. ಆಮೇಲೆ 2024ರ ಮಾರ್ಚ್ 21ರಂದು, ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನೇ ರದ್ದು ಮಾಡಿತು. ಎಷ್ಟು ಮಣ್ಣು, ಎಲ್ಲಿಂದ, ಹೇಗೆ ಅನ್ನೋದಕ್ಕೆ ಮಿತಿಯೇ ಇಲ್ಲದೆ ಬಿಟ್ಟದ್ದು, ಸಾರ್ವಜನಿಕರನ್ನ ಕೇಳದೆ ಮಾಡಿದ್ದು ಎರಡನ್ನೂ ತಪ್ಪು ಅಂದಿತು. ಈ ನಿಯಮಗಳು ಪದೇ ಪದೇ ತಿದ್ದುಪಡಿ ಆಗ್ತಾನೇ ಇರ್ತವೆ. ಹಾಗಾಗಿ ಯಾರಾದ್ರೂ "ವಿನಾಯಿತಿ ಇದೆ" ಅಂದ್ರೆ "ಯಾವ ಅನುಮತಿಯಿಂದ? ಯಾವ ತಾರೀಕಿನ ಆದೇಶ? ಪಿಡಿಎಫ್ ಕಳಿಸಿ" ಅನ್ನಿ.

ಇದೆಲ್ಲ ಓದಿ ಕೆರೆ ಹೂಳು ತರೋಕೂ ಹೆದರಬೇಡಿ. 2016ರ ಜನವರಿ 15ರ ತಿದ್ದುಪಡಿಯಲ್ಲಿ ಕೆಲವು ಕೆಲಸಗಳಿಗೆ ಪರಿಸರ ಅನುಮತಿ ಬೇಡ ಅಂತ ಪಟ್ಟಿಯೇ ಇದೆ: ಕುಂಬಾರರು ಕೈಯಿಂದ ಜೇಡಿ ತೆಗೆಯೋದು, ನೆರೆ ಬಂದು ಹೊಲದ ಮೇಲೆ ಕೂತ ಮರಳನ್ನ ರೈತರು ತೆಗೆಯೋದು, ಊರ ಕೆರೆಕುಂಟೆ ಹೂಳೆತ್ತೋ ಸಮುದಾಯದ ಕೆಲಸ, ಬಾವಿ ತೋಡೋದು ಇಂಥವು. ಹೂಳೆತ್ತೋ ಮುಂಚೆ ಪಂಚಾಯ್ತಿಯಲ್ಲಿ ಕೇಳಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ಅವರ ಪುಸ್ತಕದಲ್ಲೇ ಇದ್ದ ಸಾಲು

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ನನ್ನ ಕ್ಲಾಸ್‌ಮೇಟ್ ಒಬ್ಬಳ ಗಂಡ ಸಿವಿಲ್ ಇಂಜಿನಿಯರ್. ಅವರು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿರ್ದಿಷ್ಟತೆಗಳ ಪುಸ್ತಕ ತೋರಿಸಿದ್ರು. ಹೆದ್ದಾರಿ ಗುತ್ತಿಗೆದಾರರಿಗೆಲ್ಲ ಅದೇ ಕೈಪಿಡಿ. ಅದರ 305ನೇ ಭಾಗ ಮಣ್ಣಿನ ಒಡ್ಡಿನದು. ಇಂಜಿನಿಯರ್ ಅನುಮತಿ ಇಲ್ಲದೆ ಗುತ್ತಿಗೆದಾರ ಎಲ್ಲೂ ಮಣ್ಣಿನ ಗುಂಡಿ ತೆರೆಯಬಾರದು ಅಂತ ಅದರಲ್ಲಿದೆ. ಅಗೆಯೋ ಜಾಗದ ಮೇಲ್ಮಣ್ಣನ್ನ ಮೊದಲು ತೆಗೆದು ಬೇರೆ ರಾಶಿ ಹಾಕಬೇಕು, ಆಳ 15 ಸೆಂಟಿಮೀಟರ್ ಮೀರಬಾರದು, ರಾಶಿ ಎರಡು ಮೀಟರಿಗಿಂತ ಎತ್ತರ ಇರಬಾರದು, ಆಮೇಲೆ ಹಸಿರು ಬೆಳೆಸೋ ಕಡೆ ಹರಡೋಕೆ ಬಳಸಬೇಕು ಅಂತಾನೂ ಇದೆ.

ಅಂದ್ರೆ ರಸ್ತೆ ಕಟ್ಟೋರಿಗೆ ನಮ್ಮ ಮೇಲ್ಮಣ್ಣು ಬೇಕಾಗೇ ಇಲ್ಲ. ಬೇರು, ಕಸ, ಸಾವಯವ ಅಂಶ ಇರೋ ಮಣ್ಣು ಕೊಳೆತು ಕುಗ್ಗುತ್ತೆ, ರೋಲರ್ ಹಾಕಿದ್ರೂ ಗಟ್ಟಿ ಕೂರಲ್ಲ. ಅವರಿಗೆ ಕೆಟ್ಟದ್ದು ಯಾವುದೋ ಅದೇ ನಮಗೆ ಜೀವ. ಅದನ್ನ ಅರ್ಧ ಅಡಿ ಕೆರೆದು ಬದುವಿನ ಪಕ್ಕ ರಾಶಿ ಹಾಕಿ, ಕೆಲಸ ಮುಗಿದ ಮೇಲೆ ವಾಪಸ್ ಹರಡಿದ್ದಿದ್ರೆ ಮೂವತ್ತು ಗುಂಟೆಗೆ ಮೆಷಿನ್ನು ಎರಡು ದಿನ ಜಾಸ್ತಿ ಓಡ್ತಿತ್ತು. ಅಷ್ಟೇ.

ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 800 ಟನ್ ತೂಗುತ್ತೆ. ನಮ್ಮ ಕೆಂಪು ಮಣ್ಣಲ್ಲಿ ಸಾವಯವ ಇಂಗಾಲ ಶೇ. 0.5 ಅಂತ ಹಿಡಿದರೆ ನಾಲ್ಕು ಟನ್ ಇಂಗಾಲ. ಅದರ ಜೊತೆ ಕಟ್ಟಿಕೊಂಡಿರೋ ಸಾರಜನಕ ಸುಮಾರು 370 ಕೆ.ಜಿ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಇರೋದು 20 ಕೆ.ಜಿ. ಚಿಲ್ಲರೆ. ಅಲ್ಲಿಗೆ ಹದಿನೆಂಟು ಚೀಲ. ಮಣ್ಣಿನ ರಚನೆ, ಎರೆಹುಳ, ನೀರು ಹಿಡಿಯೋ ಶಕ್ತಿ ಇವಕ್ಕೆ ಚೀಲದ ಲೆಕ್ಕ ಇಲ್ಲ. ಒಂದು ಇಂಚು ಮೇಲ್ಮಣ್ಣು ತಾನಾಗಿ ಆಗೋಕೆ ನೂರಾರು ವರ್ಷ ಬೇಕು ಅಂತ ಕ್ಲಾಸಲ್ಲಿ ಬರೆದುಕೊಂಡಿದ್ದೆ. ಹಿಟಾಚಿ ಬಕೆಟ್ಟಿಗೆ ಅದು ಒಂದೇ ಎಳೆತ.

ಕಾಲು ಮುರಿದವನು ಯಾರ ಕೂಲಿ?

ಕಾಗದದ ಆ ಮೂರನೇ ಪ್ಯಾರಾ ಇನ್ನೊಂದು ಕೆಲಸ ಮಾಡಿತು. ಅದನ್ನ ಬರೆಯೋಕೆ ನನಗೆ ಈಗಲೂ ಕಷ್ಟ.

ಏಪ್ರಿಲ್ ಕೊನೇಲಿ, ಎಂಟಡಿ ಗುಂಡಿಯ ಕಡೆ, ಗೋಡೆ ಥರ ನೆಟ್ಟಗೆ ಕತ್ತರಿಸಿದ ಮಣ್ಣು ಕುಸಿದು ಒಬ್ಬ ಹುಡುಗನ ಕಾಲ ಮೇಲೆ ಬಿತ್ತು. ಯಾದಗಿರಿ ಕಡೆಯವನು, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಮೆಷಿನ್ನಿಗೆ ಸಿಗದ ಮೂಲೆ ಕೆರೆಯೋಕೆ, ಟಿಪ್ಪರ್ ಹಿಂದಿನ ಬಾಗಿಲು ಹಾಕೋಕೆ ಇಟ್ಟುಕೊಂಡಿದ್ರು. ಎರಡು ಕಡೆ ಮೂಳೆ ಮುರಿದಿತ್ತು. ಆಸ್ಪತ್ರೆಗೆ ನಮ್ಮ ಆಮ್ನಿಯಲ್ಲೇ ಕರಕೊಂಡು ಹೋದ್ವಿ. ಅಲ್ಲಿ ಬಂದ ಸೂಪರ್‌ವೈಸರ್, ಹೇಗಾಯ್ತು ಅಂತ ಕೇಳಿದವರಿಗೆ, "ರೈತರ ಹೊಲದಲ್ಲಿ ಕೆಲಸ ಮಾಡುವಾಗ ಬಿದ್ದ" ಅಂತ ಬರೆಸಿದ. ನಾನು ಜಗಳಕ್ಕೆ ಹೋದೆ. ಅವನು ಫೋನ್ ತೆಗೆದು ಚಿಕ್ಕಪ್ಪನ ಸಹಿ ಇದ್ದ ಕಾಗದ ತೋರಿಸಿದ. "ಹೊಲ ಮಟ್ಟ ಮಾಡಿಸಿದ್ದು ನಿಮ್ಮೋರು ಮೇಡಂ. ಕೂಲಿನೂ ನಿಮ್ಮೋರದೇ."

ಕಟ್ಟಡ ಕಾರ್ಮಿಕರು ಅಂದ್ರೆ ಗಾರೆಯವರು, ಬಾರ್ ಬೆಂಡಿಂಗ್‌ನವರು ಅಂತ ನಾವು ಅಂದುಕೊಳ್ತೀವಿ. 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆ ಅದಕ್ಕಿಂತ ಬಹಳ ಅಗಲವಾಗಿತ್ತು. ರಸ್ತೆ, ರೈಲು, ಒಡ್ಡು, ನೀರಾವರಿ, ಚರಂಡಿ, ಕಾಲುವೆ ಎಲ್ಲಾ ಅದರಲ್ಲಿದ್ದವು. ನಿರ್ಮಾಣದ ವೆಚ್ಚದ ಮೇಲೆ ಶೇ. 1 ಸೆಸ್ ಹಿಡಿದು ಆ ದುಡ್ಡನ್ನ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡೋ ವ್ಯವಸ್ಥೆಯೂ ಆಗಲೇ ಬಂದದ್ದು. ನಮ್ಮ ಹೊಲದ ಮಣ್ಣು ಹೋಗಿದ್ದು ರಸ್ತೆಗೆ, ಹಾಗಾಗಿ ಆ ಹುಡುಗ ಹೊಲದ ಕೂಲಿ ಅಲ್ಲ ಅಂತ ವಾದ ಮಾಡೋಕೆ ದಾರಿ ಇತ್ತು. ಆದ್ರೆ ಅವನ ಕೈಲಿ ಹಾಜರಿ ಚೀಟಿ ಇಲ್ಲ, ಲೇಬರ್ ಕಾರ್ಡ್ ಇಲ್ಲ, ಕರೆತಂದ ಮೇಸ್ತ್ರಿ ಫೋನ್ ಎತ್ತಲ್ಲ. ಇದ್ದ ಒಂದೇ ಕಾಗದ ನಮ್ಮ ಚಿಕ್ಕಪ್ಪನದು, ಅದು ಅವನ ವಿರುದ್ಧವೇ ಸಾಕ್ಷಿ ಹೇಳ್ತಿತ್ತು. ಕೆಲಸದಲ್ಲಿ ಗಾಯ ಆದವರಿಗೆ 1923ರಿಂದಲೇ ಪರಿಹಾರದ ಕಾಯ್ದೆ ಇತ್ತು. ಅವನ ಅಣ್ಣ ಬಂದಾಗ ಅದನ್ನ ಹೇಳಿದೆ. ಆತ ಸ್ವಲ್ಪ ಹೊತ್ತು ಯೋಚಿಸಿ, "ಯಾರ ಮ್ಯಾಲ ಹಾಕೋದ್ರಿ ಅಕ್ಕಾರ? ನಿಮ್ಮ ಮ್ಯಾಲೇನು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಸ್ಪತ್ರೆ ಬಿಲ್ಲು ನಾವು, ಊರವರು ಸೇರಿ ಕಟ್ಟಿದ್ವಿ. ಗುತ್ತಿಗೆದಾರನ ಕಡೆಯಿಂದ ಐದು ಸಾವಿರ ಬಂತು. ಆ ಹುಡುಗ ಈಗ ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಮೆಸೇಜ್ ಹಾಕ್ತಾನೆ. ಮಣ್ಣಿನ ಕೆಲಸ ಕಾಲಿಗೆ ಆಗಲ್ಲವಂತೆ.

ಇದನ್ನ ಓದ್ತಿರೋ ನಿಮ್ಮಲ್ಲೂ ಎಷ್ಟೋ ಜನ ರಾಗಿ ಕೊಯ್ಲು ಮುಗಿದ ಮೇಲೆ ಮೂರು ನಾಲ್ಕು ತಿಂಗಳು ಬೆಂಗಳೂರಿಗೆ ಗಾರೆ, ಪೇಂಟಿಂಗ್, ಸೆಂಟ್ರಿಂಗ್ ಅಂತ ಹೋಗ್ತೀರಿ. ವಯಸ್ಸು 18 ತುಂಬಿ 60 ಆಗಿಲ್ಲ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ನಿರ್ಮಾಣದ ಕೆಲಸ ಮಾಡಿದ್ದೀರಿ ಅಂದ್ರೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳೋ ಹಕ್ಕು ನಿಮಗಿದೆ. ಪಹಣಿಯಲ್ಲಿ ಹೆಸರಿದ್ರೆ ಕಾರ್ಡ್ ಕೊಡಲ್ಲ ಅಂತ ಯಾರೋ ಹಬ್ಬಿಸಿದ್ದಾರೆ. ಕಾಯ್ದೆ ಕೇಳೋದು ವಯಸ್ಸು ಮತ್ತು 90 ದಿನದ ಕೆಲಸ, ಜಮೀನಿನ ಮಾತು ಅಲ್ಲಿಲ್ಲ. ಕೆಲಸ ಮಾಡಿದ ದಿನಗಳನ್ನ ಫೋನಲ್ಲಿ ಬರೆದಿಡಿ, ಕೂಲಿ ಫೋನ್‌ಪೇಯಲ್ಲಿ ಬಂದಿದ್ರೆ ಅದರ ಸ್ಕ್ರೀನ್‌ಶಾಟ್ ಇಡಿ. ಕೆಲಸ ಮಾಡದವರು ದುಡ್ಡು ಕೊಟ್ಟು ಸುಳ್ಳು ಕಾರ್ಡ್ ಮಾಡಿಸಿಕೊಳ್ಳೋದೂ ನಡೀತಿದೆ. ಕಾಲು ಮುರಿದವನಿಗೆ ಸಿಗಬೇಕಾದ್ದು ಅದು.

ಗೂಡು, ಶೆಡ್ಡು, ಬಾಡಿಗೆ

ಇನ್ನೊಂದು ರೀತಿಯಲ್ಲೂ ಬರ್ತಾರೆ. ಮಣ್ಣು ಬೇಡ, ಜಾಗ ಬಾಡಿಗೆಗೆ ಕೊಡಿ ಅಂತಾರೆ. ಜಲ್ಲಿ ಸುರಿಯೋಕೆ, ಲೇಬರ್ ಶೆಡ್ ಹಾಕೋಕೆ, ಇಟ್ಟಿಗೆ ಗೂಡಿಗೆ. ಮಾಲೂರು ಸುತ್ತ ಇಟ್ಟಿಗೆ ಹೆಂಚಿನ ಕೆಲಸ ಹಳೇದು, ಅಲ್ಲಿನವರಿಗೆ ಇದು ಗೊತ್ತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮು ಏನು ಹೇಳುತ್ತೆ ಅಂದ್ರೆ, ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ, ಕುಂಟೆ ಮಾಡಿಕೊಳ್ಳೋಕೆ ರೈತನಿಗೆ ಹಕ್ಕಿದೆ. ಫಾರ್ಮ್ ಹೌಸು, ದನದ ಕೊಟ್ಟಿಗೆ, ಉಪಕರಣ ಇಡೋ ಮನೆ ಹಿಡುವಳಿಯ ಶೇ. 10 ಮೀರಬಾರದು, ಅದನ್ನ ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು. ಅದು ಬಿಟ್ಟು ಬೇರೆ ಬಳಕೆಗೆ ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಅನುಮತಿ ಬೇಕು. ಇಲ್ಲದಿದ್ರೆ 96ನೇ ಕಲಮಿನ ದಂಡ. ಬಾಡಿಗೆಗೆ ಬಂದವನು ವರ್ಷ ಕಳೆದು ಹೋಗ್ತಾನೆ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತೆ. ಇದಕ್ಕಿಂತ ಹೆಚ್ಚು ಹೇಳೋದಿಲ್ಲ.

ಈಗ ಹೊಲ ಹೇಗಿದೆ

ನೋಟಿಸಿನ ಕಥೆ ಮುಗಿದದ್ದು ಹೀಗೆ: ಚಿಕ್ಕಪ್ಪನ ಮಗ ಇನ್‌ಸ್ಟಾಗ್ರಾಮಿಗೆ ಅಂತ ಹಿಟಾಚಿ, ಟಿಪ್ಪರ್ ರೀಲ್ಸ್ ಮಾಡಿದ್ದ. ಹದಿನಾಲ್ಕು ವಿಡಿಯೋ. ಗಾಡಿ ನಂಬರ್, ತಾರೀಕು, ಹಿಂದೆ ಕಾಮಗಾರಿಯ ಬೋರ್ಡು ಎಲ್ಲಾ ಇದ್ದವು. ಯಾವಾಗ ನೋಡಿದ್ರೂ ಫೋನ್ ಅಂತ ಅವನಿಗೆ ಬೈದವಳು ನಾನೇ. ಅವನ್ನ ತೋರಿಸಿದ ಮೇಲೆ ದೊಡ್ಡ ಪಾಲನ್ನ ಗುತ್ತಿಗೆದಾರನ ಬಿಲ್ಲಿನಿಂದ ಹಿಡಿಯೋಕೆ ಬರೆದರು. ಉಳಿದದ್ದಕ್ಕೆ ಚಿಕ್ಕಪ್ಪ ಎರಡು ಹಸು ಮಾರಿದ್ರು. ಬಂದ 33 ಸಾವಿರ ಅದರಲ್ಲೇ ಹೋಯ್ತು.

ಹೊಲಕ್ಕೆ ಮೊದಲ ವರ್ಷ ಏನೂ ಹಾಕಲಿಲ್ಲ. ನೆಟ್ಟಗಿದ್ದ ಅಂಚನ್ನ ಇಳಿಜಾರು ಮಾಡಿ, ಪಕ್ಕದವರ ಬದುವಿಗೆ ಕಲ್ಲು ಕಟ್ಟಿ, ಮೇಲೆ ಲಾವಂಚದ ಸಾಲು ನೆಟ್ವಿ. ಎರಡನೇ ವರ್ಷ ಹುರುಳಿ ಎರಚಿದ್ವಿ, ಗೇಣುದ್ದ ಬಂತು, ಹಾಗೇ ಉತ್ತುಬಿಟ್ವಿ. ಆಮೇಲೆ ಅಪ್ಸೆಣಬು, ಹೂ ಬರೋ ಹೊತ್ತಿಗೆ, ಅಂದ್ರೆ ನಲವತ್ತೈದು ದಿನಕ್ಕೆ ಮಣ್ಣಿಗೆ ಸೇರಿಸಿದ್ವಿ. ಪಂಚಾಯ್ತಿಯಿಂದ ಹೂಳೆತ್ತಿದ ವರ್ಷ ನಲವತ್ತು ಟ್ರಾಲಿ ಕೆರೆಗೋಡು ಹೊಡೆಸಿದ್ವಿ. ಗರಸಿನ ಮೇಲೆ ಬರೀ ಕೊಟ್ಟಿಗೆ ಗೊಬ್ಬರ ಹಾಕಿದ್ರೆ ನಿಲ್ಲಲ್ಲ, ಮೊದಲ ದೊಡ್ಡ ಮಳೆಗೇ ಇಳಿದು ಹೋಗುತ್ತೆ. ಹಿಡಿದುಕೊಳ್ಳೋಕೆ ಜೇಡಿಯ ಅಂಶ ಬೇಕು, ಅದನ್ನ ಕೊಡೋದು ಕೆರೆಗೋಡೇ. ಕೊನೇ ಮಣ್ಣು ಪರೀಕ್ಷೆಯಲ್ಲಿ ಇಂಗಾಲ 0.28 ಬಂದಿದೆ. ಪಕ್ಕದ, ಅಗೆಯದ ಹೊಲದಲ್ಲಿ 0.54. ಟೊಮೆಟೊ ಇನ್ನೂ ಹಾಕಿಲ್ಲ.

ಮುಳಬಾಗಿಲಿನ ಹುಡುಗನಿಗೆ ಆ ರಾತ್ರಿಯೇ ಉತ್ತರ ಬರೆದೆ. ಸೈನ್ ಹಾಕಬೇಡ ಅಂತ ಬರೆಯಲಿಲ್ಲ. ದಿಣ್ಣೆ ಅವನದು, ಕಷ್ಟ ಅವನದು. ಬಂದವನನ್ನ ಕೇಳು ಅಂತ ಇಷ್ಟು ಕಳಿಸಿದೆ. ನಿಮ್ಮ ಕೆಲಸದ ಆದೇಶದ ಪ್ರತಿ, ಈ ಸರ್ವೆ ನಂಬರಿಗೆ ಗಣಿ ಇಲಾಖೆ ಕೊಟ್ಟ ಪರವಾನಗಿ, ಪರಿಸರ ಅನುಮತಿ ಇಲ್ಲಾ ವಿನಾಯಿತಿಯ ಆದೇಶ ಮೂರನ್ನೂ ವಾಟ್ಸಾಪ್ ಮಾಡಿ ಅನ್ನು. ಮೊದಲ ಅರ್ಧ ಅಡಿ ಮಣ್ಣು ಹೊಲ ಬಿಟ್ಟು ಹೋಗಬಾರದು, ರಾಶಿ ಹಾಕಿ ವಾಪಸ್ ಹರಡಬೇಕು ಅಂತ ಕಾಗದದಲ್ಲಿ ಬರೆಸು. ಅಳತೆಗೆ ಅಲ್ಲಲ್ಲಿ ಮಣ್ಣಿನ ಕಂಬ ಅಗೆಯದೆ ಬಿಡಬೇಕು, ಕೊನೇ ಬಿಲ್ಲು ಆದಮೇಲೇ ಅದನ್ನ ಕೆಡವಬೇಕು. ಅಂಚು ಇಳಿಜಾರಾಗಿರಬೇಕು, ಬದುವಿನಿಂದ ದೂರ ಎಷ್ಟು ಅಂತ ಅಡಿಯಲ್ಲಿ ಬರೆಸು. ಕೆಲಸದವರು ಗುತ್ತಿಗೆದಾರನವರು ಅಂತ ಒಂದು ಸಾಲು ಇರಲೇಬೇಕು. "ನಾನೇ ಕೋರಿರುತ್ತೇನೆ" ಅನ್ನೋ ಸಾಲು ಹೊಡೆದುಹಾಕು. ಆಮೇಲೆ ದಿಶಾಂಕ್ ಆ್ಯಪ್ ತೆಗೆದು ನಿನ್ನ ಸರ್ವೆ ನಂಬರಿನ ಪಕ್ಕ ಖರಾಬು, ರಾಜಕಾಲುವೆ ಏನಾದ್ರೂ ಇದೆಯಾ ನೋಡು. ಲೊಕೇಶನ್, ತಾರೀಕು ಬೀಳೋ ಹಾಗೆ ಹೊಲದ ನಾಲ್ಕೂ ಮೂಲೆ ಫೋಟೊ ಇವತ್ತೇ ತೆಗಿ.

ಎರಡು ದಿನ ಸುದ್ದಿ ಇರಲಿಲ್ಲ. ಮೂರನೇ ದಿನ ವಾಯ್ಸ್ ಮೆಸೇಜ್ ಬಂತು. ಪಟ್ಟಿ ಓದಿ ಹೇಳಿದ್ನಂತೆ. ಬಂದವನು ನಕ್ಕು, "ಏನಪ್ಪಾ, ಲಾ ಓದಿದ್ಯಾ?" ಅಂದು, ಮುಂದಿನ ವಾರ ಬರ್ತೀನಿ ಅಂತ ಹೋದನಂತೆ. ಮುಂದಿನ ವಾರ ಹಿಟಾಚಿ ಬಂತು, ಇವನ ಹೊಲಕ್ಕಲ್ಲ. ಪಕ್ಕದ ಸರ್ವೆ ನಂಬರಿಗೆ. ಅಲ್ಲಿರೋದು ಒಬ್ಬರು ವಯಸ್ಸಾದ ಅಜ್ಜಿ, ಮಗ ಹೊಸೂರಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನಂತೆ. ಆ ಮಗನ ನಂಬರ್ ಸಿಕ್ಕಿದೆ. ಇವತ್ತು ಸಂಜೆ ಅವನ ಶಿಫ್ಟ್ ಮುಗಿದ ಮೇಲೆ ಫೋನ್ ಮಾಡ್ತಿದ್ದೀನಿ.